ಸ್ವರಕ್ತಪೂರಣ

ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮುಂಚೆ ರೋಗಿಯ ರಕ್ತವನ್ನೇ ತೆಗೆದು ಕಾಯ್ದಿರಿಸಿ, ಬೇಕಾದಾಗ ಅದೇ ರೋಗಿಗೆ ಏರಿಸುವ ಪದ್ಧತಿ. ಆಸ್ಪತ್ರೆಗಳಲ್ಲಿ ಇದಕ್ಕೆ ಆಟೋಲೊಗಸ್ ರಕ್ತದಾನ ಎನ್ನುತ್ತಾರೆ. ಕೊಡುವವರೂ ಪಡೆಯುವವರೂ ಒಬ್ಬರೇ ಆದ್ದರಿಂದ ದಾನ ಎನ್ನುವುದಕ್ಕಿಂತ ಠೇವಣಿ ಎಂದರೆ ಹೆಚ್ಚು ಸರಿ. ಬೇರೆಯವರ ರಕ್ತದ ಮೇಲಿನ ನಂಬಿಕೆ ಕುಸಿದಾಗಲೆಲ್ಲ ಈ ಪದ್ಧತಿ ಮೇಲೆದ್ದಿದೆ, ನಂಬಿಕೆ ಮರಳಿದಾಗ ಹಿಂದೆ ಸರಿದಿದೆ.

ಸುರಿದ ರಕ್ತವನ್ನು ರೋಗಿಗೇ ಹಿಂತಿರುಗಿಸುವ ಯತ್ನ ಇದಕ್ಕಿಂತ ಹಳೆಯದು. ರೈಲು ಅಪಘಾತದಲ್ಲಿ ಕಾಲು ಜಜ್ಜಿಹೋದ ರೋಗಿಯೊಬ್ಬನ ಕಾಲು ಕತ್ತರಿಸಿದಾಗ ಹರಿದ ರಕ್ತವನ್ನು ಎಡಿನ್‌ಬರೊದ ಶಸ್ತ್ರವೈದ್ಯ ಜಾನ್ ಡಂಕನ್ ಸೋಡಿಯಂ ಫಾಸ್ಫೇಟ್ ಬೆರೆಸಿ ಆತನಿಗೇ ಏರಿಸಿದರು. 1886ರಲ್ಲಿ ಅದರ ವರದಿ ಪ್ರಕಟಿಸಿದರು. ರೋಗಿ ಬದುಕಿಕೊಂಡ. ಆಗ ಇನ್ನೊಬ್ಬರ ರಕ್ತ ಒಬ್ಬನನ್ನು ಉಳಿಸಿದರೆ ಮತ್ತೊಬ್ಬನನ್ನು ಕೊಲ್ಲುತ್ತಿತ್ತು, ಏಕೆಂದು ಯಾರಿಗೂ ತಿಳಿಯದು. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ್ದು 1901ರಲ್ಲಿ.

ಕಾಯ್ದಿರಿಸಬೇಕಾದರೆ ರಕ್ತ ಹೆಪ್ಪುಗಟ್ಟಬಾರದು. ಸೋಡಿಯಂ ಸಿಟ್ರೇಟ್ ಬೆರೆಸಿದರೆ ಅದು ಸಾಧ್ಯವೆಂದು ಬ್ರಸೆಲ್ಸ್‌ನ ಆಲ್ಬರ್ಟ್ ಹುಸ್ಟಿನ್ 1914ರಲ್ಲಿ ತೋರಿಸಿದರು. 1921ರಲ್ಲಿ ಅಮೆರಿಕದ ಫ್ರಾನ್ಸಿಸ್ ಗ್ರಾಂಟ್, ಮಿದುಳಿನ ಗೆಡ್ಡೆಯಿದ್ದ ಅಪರೂಪದ ಗುಂಪಿನ ರೋಗಿಯೊಬ್ಬರ ರಕ್ತವನ್ನು ಮೊದಲೇ ತೆಗೆದಿಟ್ಟರು. ಮುಂಗಡ ಸಂಗ್ರಹದ ಮೊದಲ ವರದಿ ಇದೆಂದು ಎಣಿಸಲಾಗುತ್ತದೆ. ಆದರೆ 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಬ್ಲಡ್ ಬ್ಯಾಂಕ್ ತೆರೆದರು. ಅಂಥ ಬ್ಯಾಂಕುಗಳು ಹಬ್ಬಿದಂತೆ, ಅಪರಿಚಿತರ ರಕ್ತ ಕೈಗೆಟಕುವಾಗ ತನ್ನದನ್ನು ಕೂಡಿಡುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ.

ಏಡ್ಸ್ ಈ ನೆಮ್ಮದಿಯನ್ನು ಕೆಡಿಸಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಕ್ತ ಪಡೆದ ಹಸುಗೂಸೊಂದಕ್ಕೆ ರೋಗ ತಗುಲಿದ ಸುದ್ದಿ 1982ರ ಡಿಸೆಂಬರಿನಲ್ಲಿ ಹೊರಬಿತ್ತು. ರಕ್ತವನ್ನು ಪರೀಕ್ಷಿಸುವ ವಿಧಾನಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1985ರ ಮಾರ್ಚಿನಲ್ಲಿ. ನಡುವಿನ ಎರಡು ವರ್ಷಕ್ಕೂ ಮಿಕ್ಕಿದ ಕಾಲದಲ್ಲಿ ರಕ್ತದ ಪ್ರತಿ ಚೀಲವೂ ಅನುಮಾನದ್ದೇ. ಆ ಭಯವನ್ನು ಅತಿರೇಕ ಎನ್ನಲಾಗದು, ರಕ್ತದಿಂದಲೇ ಸೋಂಕು ತಗುಲಿಸಿಕೊಂಡು ಸತ್ತವರು ಬಹಳ ಮಂದಿ. ಮಂಡಿ, ಸೊಂಟದ ಕೀಲು ಬದಲಿಸಿಕೊಳ್ಳುವವರು ವಾರಕ್ಕೊಮ್ಮೆ ಬಂದು ಸುಮಾರು 450 ಮಿಲಿ ರಕ್ತ ಕೊಟ್ಟು, ಕಬ್ಬಿಣಾಂಶದ ಮಾತ್ರೆ ನುಂಗತೊಡಗಿದರು. ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು, ಕೊನೆಯ ಸಂಗ್ರಹ ಶಸ್ತ್ರಚಿಕಿತ್ಸೆಗೆ 72 ಗಂಟೆ ಮೊದಲೇ ಮುಗಿಯಬೇಕು ಎಂಬ ನಿಯಮಗಳು ನೆಲೆಯೂರಿದವು. 1992ರಲ್ಲಿ ಅಮೆರಿಕದಲ್ಲಿ ಹೀಗೆ ಕೂಡಿಟ್ಟದ್ದು 10 ಲಕ್ಷ ಯೂನಿಟ್ ದಾಟಿತ್ತು.

ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬಳಕೆಯಾಗದೆ ಚೆಲ್ಲಿಹೋಗುತ್ತಿತ್ತು. ರೋಗಿಗಳು ಸಾಮಾನ್ಯ ದಾನಿಗಳ ಅರ್ಹತೆಯ ನಿಯಮಗಳಿಗೆ ಒಳಪಡದ ಕಾರಣ ಉಳಿದದ್ದನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಮುಂದೆ ಹೋದರೆ 35 ಅಥವಾ 42 ದಿನದ ಬಾಳಿಕೆ ಮುಗಿದು ಚೀಲ ವ್ಯರ್ಥ. ಇದಕ್ಕಿಂತ ಕಳವಳದ ಸಂಗತಿ ಬೇರೆಯಿತ್ತು: ರಕ್ತ ಕೊಟ್ಟು ಕೊಟ್ಟು ರೋಗಿ ರಕ್ತಹೀನತೆಯಲ್ಲೇ ಶಸ್ತ್ರಚಿಕಿತ್ಸೆಗೆ ಬರುತ್ತಿದ್ದರು, ಹಾಗಾಗಿ ರಕ್ತ ಏರಿಸುವ ಪ್ರಸಂಗವೇ ಹೆಚ್ಚುತ್ತಿತ್ತು. ಚೀಲ ಅದಲುಬದಲಾಗುವುದನ್ನಾಗಲಿ, ಒಳಗೆ ಬ್ಯಾಕ್ಟೀರಿಯಾ ಬೆಳೆಯುವುದನ್ನಾಗಲಿ ಸ್ವಂತ ರಕ್ತವೂ ತಡೆಯದು. ಸಿಗುವ ಲಾಭಕ್ಕೆ ತೆರುವ ಬೆಲೆ ವಿಪರೀತ ಎಂದು 1995ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು. ವೈರಸ್ಸಿನ ಜೀನುಗಳನ್ನೇ ಪತ್ತೆಹಚ್ಚುವ ಪರೀಕ್ಷೆಗಳು ಬಂದ ಮೇಲೆ ದಾನಿಗಳ ರಕ್ತ ಇನ್ನಷ್ಟು ಸುರಕ್ಷಿತವಾಯಿತು. ಸೋರಿದ ರಕ್ತವನ್ನು ಅಲ್ಲೇ ತೊಳೆದು ಮರಳಿ ಏರಿಸುವ ಯಂತ್ರಗಳೂ ಇದ್ದವು. ಮುಂಗಡ ಸಂಗ್ರಹ ವಾಡಿಕೆಯಿಂದ ದೂರವಾಯಿತು.

ಅಪರೂಪದ ಗುಂಪಿನವರ ಪಾಲಿಗೆ ಮಾತ್ರ ಅದರ ಬೆಲೆ ಕುಂದಿಲ್ಲ. ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ ಬಾಂಬೆ ರಕ್ತದ ಗುಂಪಿನವರಿಗೆ ಓ ಗುಂಪಿನ ರಕ್ತವೂ ಒಗ್ಗದು. ಇವರು ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳ ಪಟ್ಟಿ ಇಟ್ಟುಕೊಂಡು ಬೇಕಾದವರಿಗೆ ಬೆಸೆಯುವ ಕೆಲಸ ಮಾಡುತ್ತದೆ. ಹೊಂದುವ ದಾನಿ ಸಿಕ್ಕರೂ ಬೇರೆ ರಾಜ್ಯದಲ್ಲಿರಬಹುದು. ಗ್ಲಿಸರಾಲ್ ಬೆರೆಸಿ ಅತಿಶೀತದಲ್ಲಿ ಘನೀಕರಿಸಿದರೆ ಕೆಂಪು ಕಣಗಳನ್ನು 10 ವರ್ಷ ಉಳಿಸಬಹುದಾದರೂ ಆ ಸೌಲಭ್ಯ ಎಲ್ಲೆಡೆ ಇಲ್ಲ. ಶಸ್ತ್ರಚಿಕಿತ್ಸೆಯ ದಿನ ಮೊದಲೇ ಗೊತ್ತಿದ್ದು, ಹಿಮೋಗ್ಲೋಬಿನ್ ಸಾಕಷ್ಟಿದ್ದರೆ, ಇಂಥವರಿಗೆ ಅತಿ ಹತ್ತಿರದ ದಾನಿ ಅವರೇ.