ಅಂಗಡಿ ಅಜ್ಜನ ಜಾಡು ಹಿಡಿದು

ಕೊಪ್ಪಳ, ಯಲಬುರ್ಗಾ, ಗದಗ ಸೀಮೆಯ ಅಡ್ಡಹೆಸರುಗಳನ್ನು ಸಾಲಾಗಿ ಓದಿದರೆ ಕಿರಾಣಿ ಚೀಟಿ ಓದಿದಂತಾಗುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ಅರಳಿ, ಹತ್ತಿ. ಇವೆಲ್ಲವನ್ನೂ ಒಟ್ಟಿಗೆ ಮಾರುತ್ತಿದ್ದವರ ಮನೆತನಕ್ಕೆ ಬರೀ ‘ಅಂಗಡಿ’. ಹೆಸರಿನಲ್ಲಿಯೇ ಕಸುಬು ಕುಳಿತಿದೆ. ಆದರೆ ಆ ಅಂಗಡಿಯನ್ನು ಮೊದಲು ಇಟ್ಟ ಅಜ್ಜ ಯಾರು, ಎಲ್ಲಿಂದ ಬಂದ, ಹೇಗೆ ಬದುಕಿದ ಎಂದು ಕೇಳಿದರೆ ಮನೆಯವರು ಮೂರು ತಲೆಮಾರಿನಾಚೆ ತಡವರಿಸುತ್ತಾರೆ.

ಇಂಥ ಅಜ್ಜನನ್ನು ಹುಡುಕುವುದು ಸುಲಭವಲ್ಲ. ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆ ಎಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿದ್ದ ಯಲಬುರ್ಗಾದ ಅರಸರಿಗೆ ಶಾಸನಗಳಿವೆ. ಉಪ್ಪು ಬೆಲ್ಲ ತೂಗಿದವನಿಗೆ ಕಲ್ಲು ಕೆತ್ತಿಸುವವರು ಯಾರು? ಅವನು ಉಳಿದಿದ್ದರೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಲ್ಲವೇ ಹೆಳವರ ಹೊತ್ತಿಗೆಯಲ್ಲಿ ಉಳಿದಿರಬೇಕು.

ಹೆಳವರು ಉತ್ತರ ಕರ್ನಾಟಕದ ಅಲೆಮಾರಿ ವಂಶಾವಳಿಗಾರರು. ಎತ್ತು, ಗಂಟೆ, ಕಂಬಳಿಯೊಂದಿಗೆ ಕೆಲವು ವರ್ಷಗಳಿಗೊಮ್ಮೆ ತಮ್ಮ ಪಾಲಿನ ಮನೆಗಳ ಮುಂದೆ ಬಂದು ನಿಲ್ಲುತ್ತಾರೆ. ಮೂಲ ಊರು, ಬೆಡಗು, ಊರು ಬಿಟ್ಟ ಕಾರಣ, ಅಣ್ಣತಮ್ಮಂದಿರು ಬೇರೆಯಾದ ಕತೆ ಇವನ್ನೆಲ್ಲ ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ, ಬಟ್ಟೆ, ಕೆಲವೊಮ್ಮೆ ಆಕಳನ್ನು ಕಾಣಿಕೆಯಾಗಿ ಪಡೆದು ಹೋಗುತ್ತಾರೆ. ಹೊತ್ತಿಗೆ ತಂದೆಯಿಂದ ಮಗನಿಗೆ ಬರುತ್ತದೆ. ಇದರಲ್ಲಿ ಒಂದು ತೊಡಕುಂಟು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ಈ ಸೀಮೆಯ ರೂಢಿ. ಬಸಪ್ಪ, ವೀರಪ್ಪ, ಮತ್ತೆ ಬಸಪ್ಪ, ಮತ್ತೆ ವೀರಪ್ಪ. ಅಂಗಡಿ ಇಟ್ಟ ಬಸಪ್ಪ ಯಾವನೆಂದು ಹೆಸರಿನಿಂದ ತಿಳಿಯುವಂತಿಲ್ಲ. ಹೆಣ್ಣುಮಕ್ಕಳಂತೂ ಇಂಥ ವಂಶಾವಳಿಗಳಲ್ಲಿ ಅಪರೂಪ.

ಆಗ ವಹಿಗಳನ್ನು ಬಿಚ್ಚಬೇಕಾಗುತ್ತದೆ. ಕೆಂಪು ಅರಿವೆಯ ಹೊದಿಕೆಯ ಉದ್ದನೆಯ ವಹಿ. ಅದಕ್ಕೂ ಹಿಂದಿನದಾದರೆ ಕಡತ. ಕಡತವೆಂದರೆ ಹುಣಸೆ ಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು ಮಡಿಚಿದ ಕರಿ ಹೊತ್ತಿಗೆ. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸುವುದು. ಲೆಕ್ಕ ತೀರಿದೊಡನೆ ಬರಹವೂ ಅಳಿಯುತ್ತಿದ್ದುದರಿಂದ ಎಷ್ಟು ಅಂಗಡಿಗಳ ಚರಿತ್ರೆ ಹೀಗೆ ಒರಸಿಹೋಯಿತೋ! ಕಾಗದದ ವಹಿಯಲ್ಲಿ ದಿನದ ವ್ಯವಹಾರಕ್ಕೆ ರೋಜುಕಿರ್ದಿ, ಆಸಾಮಿವಾರು ಬಾಕಿಗೆ ಖಾತೆ. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿಯ ಪೂಜೆಯಾಗುತ್ತಿದ್ದುದರಿಂದ ವ್ಯಾಪಾರದ ವರ್ಷ ಅಲ್ಲಿಂದ ಆರಂಭ. ಬರಹ ಹೆಚ್ಚಾಗಿ ಮೋಡಿ. ಲೇಖನಿ ಎತ್ತದೆ ಓಡಿಸಿದ ಈ ಬರಹವನ್ನು ಸರಾಗವಾಗಿ ಓದಬಲ್ಲವರು ಈಗ ವಿರಳ.

ಕಾಲ ನಿರ್ಣಯವೂ ಒಂದು ಲೆಕ್ಕವೇ. ‘ಧಾತು ಸಂವತ್ಸರ’ ಎಂದಷ್ಟೇ ಬರೆದಿದ್ದರೆ ಅದು 1816 ಆಗಬಹುದು, 1876 ಆಗಬಹುದು, 1936 ಕೂಡ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು. ಪಕ್ಕದಲ್ಲಿ ಶಕ 1798 ಎಂದಿದ್ದರೆ 78 ಕೂಡಿಸಬೇಕು. ನಿಜಾಮ ಸರ್ಕಾರದ ಫಸಲಿ 1286 ಎಂದಿದ್ದರೆ 590 ಕೂಡಿಸಬೇಕು. ಎರಡೂ 1876ಕ್ಕೇ ಬಂದು ನಿಲ್ಲುತ್ತವೆ.

ಫಸಲಿ ಇಲ್ಲಿಗೆ ಬಂದುದಕ್ಕೆ ಕಾರಣವಿದೆ. ಕೊಪ್ಪಳ, ಯಲಬುರ್ಗಾ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಪಕ್ಕದ ಗದಗ, ರೋಣ ಮುಂಬಯಿ ಇಲಾಖೆಯ ಬ್ರಿಟಿಷ್ ಸೀಮೆ. ಹೀಗಾಗಿ ಯಲಬುರ್ಗಾದ ಅಂಗಡಿಕಾರ ಎರಡು ರಾಜ್ಯಗಳ ಅಂಚಿನಲ್ಲಿ ತಕ್ಕಡಿ ಹಿಡಿದವನು. ಗಲ್ಲೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ಬೇರೆ, ಕಂಪನಿಯ ಕಲ್ದಾರ್ ರೂಪಾಯಿ ಬೇರೆ. ಕಲ್ದಾರಿಗೆ ಬೆಲೆ ಹೆಚ್ಚು. ಗಡಿ ದಾಟಿದ ಸರಕಿಗೆ ಕರೋಡಗಿರಿ ಸುಂಕ. ಸರ್ಕಾರದ ಕಾಗದ ಮೊದಲು ಪಾರ್ಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. ಹೀಗಾಗಿ ಅಜ್ಜನ ಬದುಕಿನ ಒಂದು ಪಾಲು ಕನ್ನಡದ ವಹಿಯಲ್ಲಿದ್ದರೆ ಇನ್ನೊಂದು ಪಾಲು ಅವನೇ ಓದಲಾಗದ ಲಿಪಿಯಲ್ಲಿದ್ದಿರಬಹುದು. ನಿಜಾಮರ ಕಾಲದ ದಫ್ತರುಗಳು ಈಗಲೂ ಹೈದರಾಬಾದಿನ ಪತ್ರಾಗಾರದಲ್ಲಿವೆ.

ದೂರದ ಸುದ್ದಿಯೂ ಅಂಗಡಿಗೆ ಬರುತ್ತಿತ್ತು, ಬೆಲೆಯ ರೂಪದಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ತಲುಪದಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋದ ಸರಕು ಅದು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. 1858ರ ಕಾಳಯುಕ್ತಿ ಸಂವತ್ಸರದಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗೆ ಕೆಂಚನಗೌಡರು ಕೊಪ್ಪಳ ಕೋಟೆ ಹಿಡಿದು ಜೂನ್ 1ರಂದು ಅಲ್ಲಿಯೇ ಮಡಿದರು. ಚರಿತ್ರೆಯ ಪುಸ್ತಕಗಳಲ್ಲಿ ಅದು ದೊಡ್ಡ ಘಟನೆ. ಯಾವುದಾದರೂ ಕಿರ್ದಿಯಲ್ಲಿ ಆ ದಿನಗಳು ಉಳಿದಿದ್ದರೆ ಬಹುಶಃ ‘ವ್ಯಾಪಾರ ಇಲ್ಲ’ ಎಂಬ ಖಾಲಿ ಪುಟವಾಗಿ ಕಂಡೀತು.

ಆದರೆ ಈ ಸೀಮೆಯ ಅಂಗಡಿಕಾರನನ್ನು ಅಳೆಯಲು ನಿಜವಾದ ಸೇರು ಧಾತು–ಈಶ್ವರ ಬರ. 1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ಕೊಂದ ಬರ ಅದು. ಆಗಿನ್ನೂ ಈ ಕಡೆಗೆ ರೈಲು ಇರಲಿಲ್ಲ. ಹೊಸಪೇಟೆಯಿಂದ ಕೊಪ್ಪಳದ ಮೇಲೆ ಗದಗಿಗೆ ಹಳಿ ಬಿದ್ದುದು 1880ರ ದಶಕದಲ್ಲಿ. ಮೇವಿಲ್ಲದೆ ಎತ್ತು ಸತ್ತರೆ ಗಾಡಿ ನಿಂತಿತು, ಗಾಡಿ ನಿಂತರೆ ಜೋಳ ಬರಲಿಲ್ಲ. ಆ ಎರಡು ವರ್ಷದ ವಹಿ ಯಾವ ಮನೆಯಲ್ಲಾದರೂ ಸಿಕ್ಕರೆ ನೋಡಬೇಕಾದುದು ಜೋಳದ ಧಾರಣೆಯನ್ನಷ್ಟೇ ಅಲ್ಲ. ಉದ್ರಿ ಯಾರಿಗೆ ನಿಂತಿತು? ಯಾರ ಖಾತೆಯಲ್ಲಿ ಒಮ್ಮೆಲೆ ಬೆಳ್ಳಿ ಕಡಗ, ಹಿತ್ತಾಳೆ ಕೊಡ ಒತ್ತೆಯಾಗಿ ಬಂದವು? ಯಾವ ಬಾಕಿ ವಸೂಲಾಗದೆ ಹಾಗೆಯೇ ನಿಂತುಹೋಯಿತು? ಬಾಕಿಯ ಮುಂದೆ ಬಳಿಕ ಏನೂ ಬರೆಯದಿದ್ದರೆ ಆ ಮನುಷ್ಯ ಊರು ಬಿಟ್ಟಿರಬೇಕು, ಇಲ್ಲವೇ ಸತ್ತಿರಬೇಕು.

ಬರಕ್ಕೆ ಒಂದು ವರ್ಷ ಮೊದಲು, 1875ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾಗಿ ಅಹಮದನಗರಕ್ಕೂ ಹಬ್ಬಿದ ದಂಗೆಯಲ್ಲಿ ರೈತರು ಸಾಹುಕಾರರ ಸಾಲಪತ್ರ, ವಹಿಗಳನ್ನು ಹುಡುಕಿ ತೆಗೆದು ಸುಟ್ಟರು. ಅವರ ಕಣ್ಣಿಗೆ ವಹಿ ಚರಿತ್ರೆಯ ದಾಖಲೆಯಾಗಿರಲಿಲ್ಲ, ಕೊರಳಿನ ಉರುಳಾಗಿತ್ತು.

ಯಲಬುರ್ಗಾದಂಥ ಕಡೆ ವಹಿ ಕಳೆದುಹೋಗಲು ಬೆಂಕಿಯೇ ಬೇಕಿಲ್ಲ. ಗೆದ್ದಲು ಸಾಕು, ಮನೆ ಪಾಲಾದಾಗ ರದ್ದಿಯವನ ತಕ್ಕಡಿ ಸಾಕು. ಜಹಗೀರು 1949ರಲ್ಲಿ ಹೋಯಿತು, ಆಣೆ ಪೈ 1957ರಿಂದ ಹೋಗತೊಡಗಿತು, ಸೇರು ಮಣ ಅದರ ಬೆನ್ನಿಗೇ ಹೋಯಿತು. ಓದಲಾಗದ, ಅಳೆಯಲಾಗದ ಹಳೆಯ ವಹಿಯನ್ನು ಯಾರಾದರೂ ಏಕೆ ಇಟ್ಟುಕೊಂಡಾರು? ಇಟ್ಟುಕೊಂಡವರೂ ಹೊರಗಿನವರಿಗೆ ತೋರಿಸಲು ಅಳುಕಿದರೆ ಅಚ್ಚರಿಯಿಲ್ಲ. ಯಾವ ವರ್ಷ ಯಾರ ಹೊಲ ಎಷ್ಟು ಬಾಕಿಗೆ ಅಂಗಡಿಯ ಪಾಲಾಯಿತೆಂಬುದೂ ಅಲ್ಲಿ ಅಜ್ಜನ ಕೈಬರಹದಲ್ಲಿಯೇ ಇದ್ದೀತು. ಹೊಲ ಕಳೆದುಕೊಂಡವನಿಗೆ ಶಾಸನವಿಲ್ಲ, ಪೆಟ್ಟಿಗೆಯೂ ಇಲ್ಲ. ಅವನ ಹೆಸರು ಬರಹದಲ್ಲಿ ಉಳಿದಿದ್ದರೆ ಅದು ಈ ಅಂಗಡಿಯ ಖಾತೆಯಲ್ಲಿ ಮಾತ್ರ, ಬಾಕಿದಾರನಾಗಿ.