ಬಾಗಿಲು ಮುಚ್ಚಿದವರೆಲ್ಲ ಬಚ್ಚಿಟ್ಟವರಲ್ಲ

1941ರಲ್ಲಿ ಖರಕ್ ಸಿಂಗ್ ಎಂಬವರ ಮೇಲೆ ಡಕಾಯಿತಿಯ ಆರೋಪ ಬಂತು. ಸಾಕ್ಷ್ಯ ಸಿಗಲಿಲ್ಲ, ಪೊಲೀಸರು ಬಿಟ್ಟುಬಿಟ್ಟರು. ಆದರೆ ಅವರ ಹೆಸರಿನಲ್ಲಿ ಒಂದು ‘ಹಿಸ್ಟರಿ ಶೀಟ್’ ತೆರೆದು, ಅವರ ಮೇಲೆ ಕಣ್ಣಿಟ್ಟರು. ಕಾನ್‌ಸ್ಟೇಬಲ್‌ಗಳೂ ಚೌಕಿದಾರರೂ ರಾತ್ರಿ ಬಂದು ಬಾಗಿಲು ಬಡಿಯುತ್ತಾರೆ, ಕೂಗಿ ನಿದ್ದೆಯಿಂದ ಎಬ್ಬಿಸುತ್ತಾರೆ, ಒಳಗೂ ಬರುತ್ತಾರೆ. ಊರು ಬಿಟ್ಟು ಹೋಗಬೇಕಾದರೆ ಎಲ್ಲಿಗೆಂದು ಹೇಳಿಯೇ ಹೋಗಬೇಕು ಎಂಬ ದೂರು ಹೊತ್ತು ಅವರು ಸುಪ್ರೀಂ ಕೋರ್ಟಿಗೆ ಹೋದರು.

ಇದಕ್ಕೆಲ್ಲ ಆಧಾರವಾಗಿದ್ದದ್ದು ಉತ್ತರ ಪ್ರದೇಶ ಪೊಲೀಸ್ ನಿಯಮಾವಳಿಯ 236ನೇ ನಿಯಮ. ಅದರ ಪಟ್ಟಿಯಲ್ಲಿ ಮೊದಲನೆಯದು, ಶಂಕಿತನ ಮನೆಯ ಮೇಲೆ ಗುಪ್ತ ಪಹರೆ. ಎರಡನೆಯದು, ರಾತ್ರಿ ಹೊತ್ತು ಮನೆಗೆ ಹೋಗಿ ನೋಡುವುದು.

1962ರ ಡಿಸೆಂಬರ್ 18ರಂದು ಆರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾತ್ರಿ ಮನೆಗೆ ಬರುವುದನ್ನು ಬಹುಮತದ ತೀರ್ಪು ರದ್ದು ಮಾಡಿತು. ಪಹರೆ ಮತ್ತು ಉಳಿದ ಕ್ರಮಗಳನ್ನು ಹಾಗೆಯೇ ಬಿಟ್ಟಿತು. ಖಾಸಗಿತನವೆಂಬ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ ಎಂದೂ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ನ್ಯಾಯಮೂರ್ತಿ ಷಾ ಅವರ ಜೊತೆಗೂಡಿದರು. ಬೆನ್ನ ಹಿಂದೆ ಕಣ್ಣಿದ್ದಾಗ ಮನುಷ್ಯನ ಕಾಲು ನಡೆದರೂ ಆ ನಡಿಗೆ ಯಂತ್ರದ್ದು ಎಂಬುದು ಅವರ ವಾದದ ಸಾರ. ಖಾಸಗಿತನವಿಲ್ಲದೆ ವ್ಯಕ್ತಿಸ್ವಾತಂತ್ರ್ಯವಿಲ್ಲ ಎಂದು ಅವರು ಬರೆದರು.

ಗುಟ್ಟು ಮತ್ತು ಖಾಸಗಿತನ ಎರಡೂ ಒಂದೇ ಎಂದುಕೊಳ್ಳುವವರು ಈ ಮೊಕದ್ದಮೆಯನ್ನು ಇನ್ನೊಮ್ಮೆ ನೋಡಬೇಕು. ಗುಟ್ಟೆಂದರೆ ಇನ್ನೊಬ್ಬರಿಗೆ ತಿಳಿಯದಂತೆ ಬಚ್ಚಿಟ್ಟ ವಿಷಯ. ಖಾಸಗಿತನಕ್ಕೆ ಬಚ್ಚಿಟ್ಟ ವಿಷಯವೇ ಬೇಕಿಲ್ಲ. ಒಬ್ಬ ಮನುಷ್ಯ ರಾತ್ರಿ ತನ್ನ ಮನೆಯಲ್ಲಿ ಮಲಗಿದ್ದಾನೆ ಎಂಬುದರಲ್ಲಿ ಯಾವ ಗುಟ್ಟಿದೆ? ಆದರೂ ಆ ನಿದ್ದೆ ಅವನದು, ಆ ಬಾಗಿಲು ಅವನದು. ಈ ಪ್ರಕರಣದಲ್ಲಿ ಗುಟ್ಟೊಂದು ಇದ್ದದ್ದು ನಿಜ. ಅದು ಮನೆಯ ಒಳಗಿರಲಿಲ್ಲ, ಹೊರಗೆ ಪಹರೆ ನಿಂತವರ ಕಡೆಗಿತ್ತು. ‘ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಭಯವೇಕೆ’ ಎಂದು ಕೇಳುವವರು ಈ ವ್ಯತ್ಯಾಸವನ್ನೇ ಮರೆಯುತ್ತಾರೆ.

ಖರಕ್ ಸಿಂಗ್ ತೀರ್ಪು ಬಹುಕಾಲ ಉಳಿಯಿತು. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕಲ್ಲ ಎನ್ನಲು ಕೇಂದ್ರ ಸರ್ಕಾರ ಹಿಡಿದುಕೊಂಡದ್ದು ಇಂಥ ಹಳೆಯ ತೀರ್ಪುಗಳನ್ನೇ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಮಾತನ್ನು ತಳ್ಳಿಹಾಕಿದರು. ಸುಬ್ಬರಾವ್ ಅವರ ಭಿನ್ನಮತಕ್ಕೆ ಐವತ್ತೈದು ವರ್ಷ ತಡವಾಗಿ ಮನ್ನಣೆ ಸಿಕ್ಕಿತು.

ಹಾಗೆಂದು ಈ ಹಕ್ಕಿಗೆ ಮಿತಿಯೇ ಇಲ್ಲವೆಂದಲ್ಲ. ಸರ್ಕಾರ ಒಳಗೆ ಬರಬಹುದು. ಆದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪವಿರಬೇಕು. ಬಾಗಿಲು ಏಕೆ ಮುಚ್ಚಿದೆ ಎಂದು ಒಳಗಿರುವವರು ಹೇಳಬೇಕಿಲ್ಲ. ಏಕೆ ಬಡಿಯುತ್ತಿದ್ದೇನೆ ಎಂದು ಹೊರಗೆ ನಿಂತವರು ಹೇಳಬೇಕು.