ಬಾಯುಸಿರಾಟ

ಮೂಗಿನ ಬದಲು, ಇಲ್ಲವೇ ಮೂಗಿನ ಜೊತೆಗೆ, ಬಾಯಿಯ ಮೂಲಕ ರೂಢಿಯಾಗಿ ಉಸಿರಾಡುವುದು. ಓಡುವಾಗ, ಭಾರ ಹೊರುವಾಗ ಎಲ್ಲರೂ ಬಾಯಿ ತೆರೆಯುತ್ತಾರೆ. ಉಸಿರಿನ ಗಾಳಿ ನಿಮಿಷಕ್ಕೆ ಸುಮಾರು 35–40 ಲೀಟರ್ ದಾಟಿದರೆ ಮೂಗೊಂದೇ ಸಾಲದು. ಸುಮ್ಮನೆ ಕುಳಿತಾಗಲೂ ನಿದ್ದೆಯಲ್ಲೂ ಬಾಯಿ ತೆರೆದೇ ಇದ್ದರೆ ಅದನ್ನು ಚಟವೆಂದು ಗದರಿಸುವ ಬದಲು ಮೂಗಿನಲ್ಲೇನೋ ತಡೆಯಿದೆಯೆಂದು ಶಂಕಿಸುವುದು ಲೇಸು. ಮಕ್ಕಳಲ್ಲಿ ಮೂಗಿನ ಹಿಂಬದಿಯ ಅಡಿನಾಯ್ಡ್ ಊತ, ಅಲರ್ಜಿಯ ನೆಗಡಿ, ದೊಡ್ಡವರಲ್ಲಿ ಸೊಟ್ಟಗಾದ ನಡುಗೋಡೆ, ಪಾಲಿಪ್ ಸಾಮಾನ್ಯ ಕಾರಣಗಳು.

ಪರಿಣಾಮಗಳು

ಮೂಗು ಗಾಳಿಯನ್ನು ಬೆಚ್ಚಗಾಗಿಸಿ, ತೇವ ಕೂಡಿಸಿ, ಧೂಳು ಸೋಸಿ ಒಳಗೆ ಬಿಡುತ್ತದೆ. ಬಾಯಿಗೆ ಈ ಏರ್ಪಾಡಿಲ್ಲ. ಜೊಲ್ಲು ಆರುವುದರಿಂದ ಬಾಯಿ ವಾಸನೆ, ಹಲ್ಲು ಹುಳುಕು, ಮೇಲಿನ ಮುಂಬಲ್ಲುಗಳ ವಸಡಿನ ಉರಿಯೂತ ಕಾಣಿಸಿಕೊಳ್ಳುತ್ತವೆ. ರಾತ್ರಿ ಗೊರಕೆ ಹೊಡೆದು, ಹೊರಳಾಡಿ ಮಲಗುವ ಮಗು ಹಗಲಿನಲ್ಲಿ ಚಡಪಡಿಸಿದರೆ ಶಾಲೆಯಲ್ಲಿ ಅದಕ್ಕೆ ತುಂಟನೆಂಬ ಹೆಸರು ಬರುವುದುಂಟು. ಸೈನಸ್‌ಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೇರಳವಾಗಿ ಹುಟ್ಟುತ್ತದೆಂದು ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಆದರೆ ಅದರ ಮೇಲೆ ಕಟ್ಟಿರುವ, ಮೂಗುಸಿರಾಟದ ಬಗೆಗಿನ ಜನಪ್ರಿಯ ಆರೋಗ್ಯ ಭರವಸೆಗಳಿಗೆ ಬುನಾದಿ ತೆಳು.

ಮುಖಚಹರೆಯ ವಿವಾದ

ಬಾಯುಸಿರಾಟದ ಮೇಲೆ ಮೊದಲು ಗದ್ದಲವೆಬ್ಬಿಸಿದ್ದು ವೈದ್ಯನಲ್ಲ, ಚಿತ್ರಕಾರ. 1830ರ ದಶಕದಲ್ಲಿ ಅಮೆರಿಕದ ಮೂಲನಿವಾಸಿಗಳ ನಡುವೆ ತಿರುಗಾಡಿ ಅವರ ಚಿತ್ರ ಬರೆದ ಜಾರ್ಜ್ ಕ್ಯಾಟ್ಲಿನ್, ಅಲ್ಲಿನ ತಾಯಂದಿರು ಮಲಗಿದ ಕೂಸಿನ ತುಟಿಗಳನ್ನು ಒತ್ತಿ ಮುಚ್ಚುವುದನ್ನು ಕಂಡಿದ್ದ. 1860ರ ದಶಕದ ಆರಂಭದಲ್ಲಿ ತನ್ನದೇ ರೇಖಾಚಿತ್ರಗಳೊಡನೆ ಪ್ರಕಟಿಸಿದ ಪುಸ್ತಿಕೆಯಲ್ಲಿ ಬಿಳಿಯರ ಬಹುಪಾಲು ಕಾಯಿಲೆಗಳನ್ನು ತೆರೆದ ಬಾಯಿಯ ತಲೆಗೇ ಕಟ್ಟಿದ. ವೀಕ್ಷಣೆ ಚುರುಕು, ತೀರ್ಮಾನ ಅತಿ. ಕೆಲವೇ ವರ್ಷಗಳಲ್ಲಿ, 1868ರಲ್ಲಿ, ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ ಅಡಿನಾಯ್ಡ್ ಬೆಳವಣಿಗೆಯನ್ನು ವಿವರಿಸಿದ. ಮಂದ ಕಿವಿ, ಕಟ್ಟಿದ ದನಿಯ ರೋಗಿಯ ಅಂಗುಳದ ಹಿಂದೆ ಬೆರಳಾಡಿಸಿ ಮೆತ್ತನೆಯ ಗಡ್ಡೆಯನ್ನು ಗುರುತಿಸಿ, ಮೂಗಿನಿಂದ ಉಂಗುರಾಕಾರದ ಕತ್ತಿ ತೂರಿಸಿ ಅದನ್ನು ಹೆರೆದು ತೆಗೆದ. ನೀಳಮುಖ, ತೆರೆದ ತುಟಿ, ಕಿರಿದಾದ ಎತ್ತರದ ಅಂಗುಳ ಆಮೇಲೆ ‘ಅಡಿನಾಯ್ಡ್ ಮುಖ’ವೆಂದು ಪಠ್ಯಗಳನ್ನು ಸೇರಿದವು.

ಬಾಯುಸಿರಾಟವೇ ಮುಖವನ್ನು ಹಾಗೆ ಬೆಳೆಸುತ್ತದೆಯೇ? ಸ್ವೀಡನ್ನಿನ ಲಿಂಡರ್-ಅರೋನ್ಸನ್ 1970ರಲ್ಲಿ ಅಡಿನಾಯ್ಡ್ ಊದಿದ ಮಕ್ಕಳ ಹಲ್ಲು, ದವಡೆಗಳನ್ನು ಅಳೆದು ನಂಟು ತೋರಿಸಿದರು. ಶಸ್ತ್ರಚಿಕಿತ್ಸೆಯ ನಂತರ ಕೆಲಮಟ್ಟಿನ ಸುಧಾರಣೆಯನ್ನೂ ಕಂಡರು. ಎಗಿಲ್ ಹಾರ್ವೋಲ್ಡ್ ಎಳೆಯ ರೀಸಸ್ ಕೋತಿಗಳ ಮೂಗನ್ನು ಸಿಲಿಕೋನ್ ಬಿರಡೆಯಿಂದ ಮುಚ್ಚಿದಾಗ (1981ರ ವರದಿ) ದವಡೆ ಬದಲಾಯಿತು, ಆದರೆ ಎಲ್ಲ ಕೋತಿಗಳಲ್ಲೂ ಒಂದೇ ತೆರನಾಗಿ ಅಲ್ಲ: ಪ್ರತಿಯೊಂದೂ ನಾಲಿಗೆ, ದವಡೆಗಳನ್ನು ತನ್ನದೇ ಬಗೆಯಲ್ಲಿ ಹೊಂದಿಸಿಕೊಂಡಿತ್ತು. ಮನುಷ್ಯರಲ್ಲಿ ಮೂಗು ಪೂರ್ತಿ ಮುಚ್ಚುವುದು ಅಪರೂಪ, ಅನುವಂಶಿಕತೆಯ ಪಾಲೂ ದೊಡ್ಡದು. ಹೀಗಾಗಿ ಬಾಯುಸಿರಾಟವನ್ನು ಒಂದು ಕಾರಣವೆನ್ನಬಹುದು, ಏಕೈಕ ಕಾರಣವೆನ್ನಲಾಗದು.

ಸರಿಪಡಿಸುವಿಕೆ

ತಣ್ಣನೆಯ ಕನ್ನಡಿಯನ್ನು ಮೂಗಿನಡಿ ಹಿಡಿದು ಮಂಜು ಮೂಡುವುದನ್ನು ನೋಡುವುದು ಹಳೆಯ, ಈಗಲೂ ಉಪಯುಕ್ತ ಪರೀಕ್ಷೆ. ಎಂಡೋಸ್ಕೋಪಿ ಖಚಿತತೆ ಕೊಡುತ್ತದೆ. ಅಲರ್ಜಿಗೆ ಸ್ಟೀರಾಯ್ಡ್ ಸ್ಪ್ರೇ ಬಳಸುತ್ತಾರೆ. ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್ ಹನಿಗಳನ್ನು ಐದಾರು ದಿನ ಮೀರಿ ಹಾಕಿಕೊಂಡರೆ ಮೂಗು ಮತ್ತಷ್ಟು ಕಟ್ಟುತ್ತದೆ. ಅಡಿನಾಯ್ಡ್ ಹರೆಯದ ಹೊತ್ತಿಗೆ ತಾನಾಗಿ ಕುಗ್ಗುವುದರಿಂದ, ಸೌಮ್ಯ ತೊಂದರೆಗೆ ಕಾಯಬಹುದು. ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದ್ದರೆ ಕಾಯಬಾರದು. ತಡೆ ನೀಗಿದ ಮೇಲೂ ರೂಢಿ ಉಳಿದರೆ ತುಟಿ-ನಾಲಿಗೆಯ ವ್ಯಾಯಾಮ, ಕಿರಿದಾದ ಮೇಲ್ದವಡೆಗೆ ಹಲ್ಲಿನ ವೈದ್ಯರ ಅಗಲಿಸುವ ಸಾಧನ ನೆರವಾಗಬಹುದು.

ರಾತ್ರಿ ತುಟಿಗೆ ಟೇಪ್ ಅಂಟಿಸಿಕೊಳ್ಳುವ ಇತ್ತೀಚಿನ ಗೀಳಿಗೆ ಪುರಾವೆ ಕಡಿಮೆ. ಮೂಗು ಕಟ್ಟಿರುವವರಿಗೆ, ಮಕ್ಕಳಿಗೆ ಅಪಾಯಕಾರಿ. ಮೂಗಿಗೆ ನೀರು ಹಾಯಿಸಿ ತೊಳೆಯುವ ಯೋಗದ ಜಲನೇತಿ ಕೆಲವರಿಗೆ ಹಿತ, ಆದರೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ನೇಗ್ಲೇರಿಯ ಅಮೀಬಾ ಮೆದುಳು ಸೇರಿ ಮೃತಪಟ್ಟರು.